ಮನೆಯ ಊಟ ಸುಧಾರಿಸಬೇಕೆ? ಸಂಜೆ ಆರರ ಹಸಿವಿನಿಂದ ಶುರು ಮಾಡಿ

ರಾಗಿ, ಜೋಳ, ನವಣೆ, ಸಾಮೆ, ಶೇಂಗಾ, ಹುರುಳಿ, ಅವರೆ ಎಲ್ಲವೂ ದಾವಣಗೆರೆ, ಚಿತ್ರದುರ್ಗದ ಹೊಲಗಳಲ್ಲೇ ಬೆಳೆಯುತ್ತವೆ. ಒಳ್ಳೆಯ ಊಟಕ್ಕೆ ದೂರದಿಂದ ಏನನ್ನೂ ತರಿಸಬೇಕಿಲ್ಲ. ಗಂಡ ಹೆಂಡತಿ ಇಬ್ಬರೂ ದುಡಿಯುವ, ಮಕ್ಕಳು ಟ್ಯೂಷನ್ ಮುಗಿಸಿ ಕತ್ತಲಾದ ಮೇಲೆ ಬರುವ ಮನೆಯಲ್ಲಿ ತೊಂದರೆ ಬೇರೆಯೇ ಇದೆ. ಹಸಿವಾದ ಹೊತ್ತಿಗೆ ಕೈಗೆ ಏನು ಸಿಗುತ್ತದೋ ಅದನ್ನೇ ಎಲ್ಲರೂ ತಿನ್ನುತ್ತಾರೆ. ‘ನಾಳೆಯಿಂದ ಎಣ್ಣೆ ಬಂದ್, ಅನ್ನ ಬಂದ್’ ಎಂದು ಹೊರಟ ಮನೆಗಳು ಮೂರನೇ ವಾರಕ್ಕೆ ಹಳೆಯ ದಾರಿ ಹಿಡಿಯುತ್ತವೆ. ಹದಿನೈದು ದಿನಕ್ಕೆ ಒಂದು ಬದಲಾವಣೆ ಸಾಕು. ಅದು ಯಾರೂ ನೆನಪಿಸದೆ ನಡೆಯತೊಡಗಿದ ಮೇಲೆ ಮುಂದಿನದಕ್ಕೆ ಕೈ ಹಾಕಿ.

ಮೊದಲ ವಾರ: ಅಳತೆ ಮಾತ್ರ

ಈ ವಾರ ಅಡುಗೆಯಲ್ಲಿ ಏನನ್ನೂ ಬದಲಿಸಬೇಡಿ. ಎಣ್ಣೆ, ಉಪ್ಪು, ಸಕ್ಕರೆ ಪೊಟ್ಟಣಗಳ ಮೇಲೆ ಒಡೆದ ದಿನಾಂಕ ಬರೆಯಿರಿ. ತರಕಾರಿ, ಹಣ್ಣು ತಂದಾಗ ತೂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ನಾಲ್ಕು ಜನರ ಮನೆಗೆ ಈ ಲೆಕ್ಕ ಇಟ್ಟುಕೊಳ್ಳಬಹುದು.

ಉಪ್ಪು: ಒಬ್ಬ ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಒಂದು ಕೆ.ಜಿ. ಪೊಟ್ಟಣ ನಾಲ್ವರಿಗೆ ಕನಿಷ್ಠ 50 ದಿನ ಬರಬೇಕು. ಉಪ್ಪಿನಕಾಯಿ, ಹಪ್ಪಳ, ಬೇಕರಿ ತಿನಿಸಿನ ಉಪ್ಪು ಈ ಪೊಟ್ಟಣದ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಇನ್ನೂ ಹೆಚ್ಚು ದಿನ ಬಂದರೇ ಸರಿ.

ಎಣ್ಣೆ: ಒಬ್ಬರಿಗೆ ದಿನಕ್ಕೆ ನಾಲ್ಕು ಟೀ ಚಮಚ, ಸುಮಾರು 20 ಮಿ.ಲೀ. ಗುರಿ ಇಟ್ಟುಕೊಂಡರೆ ತಿಂಗಳಿಗೆ ಎರಡೂವರೆ ಲೀಟರ್ ಒಳಗೆ ಮುಗಿಯುತ್ತದೆ.

ತರಕಾರಿ, ಸೊಪ್ಪು, ಹಣ್ಣು: ಒಬ್ಬರಿಗೆ ದಿನಕ್ಕೆ 400 ಗ್ರಾಂ, ಅಂದರೆ ಮನೆಗೆ ವಾರಕ್ಕೆ ಸುಮಾರು 11 ಕೆ.ಜಿ. ಆಲೂಗಡ್ಡೆ ಇದರಲ್ಲಿ ಸೇರುವುದಿಲ್ಲ. ಐದು ಕೆ.ಜಿ. ತರುವ ಮನೆ ಒಮ್ಮೆಲೇ ಹನ್ನೊಂದು ತಂದರೆ ಅರ್ಧ ಕೊಳೆತು ಹೋಗುತ್ತದೆ, ದುಡ್ಡು ಹಾಳಾಯಿತೆಂದು ಮನಸ್ಸೂ ಮುರಿಯುತ್ತದೆ. ಹದಿನೈದು ದಿನಕ್ಕೊಮ್ಮೆ ಒಂದೂವರೆ ಕೆ.ಜಿ. ಏರಿಸಿ.

ಸಂಜೆಯ ತಿಂಡಿ ಮೊದಲು

ಎಲ್ಲ ಬಿಟ್ಟು ಸಂಜೆಯಿಂದಲೇ ಯಾಕೆ? ಮಧ್ಯಾಹ್ನ ಡಬ್ಬಿ ಊಟ ಮಾಡಿದವರಿಗೆ ಐದೂವರೆ, ಆರರ ಹೊತ್ತಿಗೆ ಹಸಿವು ಜೋರಾಗುತ್ತದೆ. ಆಗ ಮನೆಯಲ್ಲಿ ಏನೂ ಇಲ್ಲದಿದ್ದರೆ ದಾರಿಯಲ್ಲೇ ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಬರುತ್ತಾರೆ, ಇಲ್ಲವೇ ಬಿಸ್ಕತ್ತು ಪೊಟ್ಟಣ ಒಡೆಯುತ್ತಾರೆ. ಎಂಟೂವರೆಗೆ ಊಟಕ್ಕೆ ಕೂತಾಗ ಪಲ್ಯ, ಸೊಪ್ಪು ಯಾರಿಗೂ ಬೇಡ. ಅನ್ನಕ್ಕೆ ಒಂದಿಷ್ಟು ಸಾರು ಕಲೆಸಿ ಎದ್ದುಬಿಡುತ್ತಾರೆ. ಸಂಜೆಯ ಒಂದು ತಟ್ಟೆ ಸರಿಹೋದರೆ ರಾತ್ರಿ ಊಟ ಅರ್ಧ ಸರಿಹೋದಂತೆ.

ಮಂಡಕ್ಕಿಯನ್ನು ಬಿಡಬೇಕಿಲ್ಲ. ಅದು ಎಣ್ಣೆಯಿಲ್ಲದೆ ಭಟ್ಟಿಯಲ್ಲಿ ಉಬ್ಬಿಸಿದ ಅಕ್ಕಿ. ಹೊಟ್ಟೆ ತುಂಬಿಸುವ ಶಕ್ತಿ ಮಾತ್ರ ಅದಕ್ಕಿಲ್ಲ, ಪಕ್ಕದಲ್ಲಿ ಬರುವ ಮಿರ್ಚಿ ಎಣ್ಣೆ ಕುಡಿದಿರುತ್ತದೆ. ನಾಲ್ವರಿಗೆ ಆರು ದೊಡ್ಡ ಲೋಟ ಮಂಡಕ್ಕಿ ತೆಗೆದುಕೊಳ್ಳಿ. ಅದಕ್ಕೆ ಹೆಚ್ಚಿದ ಎರಡು ಈರುಳ್ಳಿ, ಎರಡು ಟೊಮೆಟೊ, ಒಂದು ಸೌತೆಕಾಯಿ, ತುರಿದ ಎರಡು ಕ್ಯಾರೆಟ್, ಒಂದು ಲೋಟ ಬೇಯಿಸಿದ ಕಾಳು, ಅರ್ಧ ಲೋಟ ಹುರಿದ ಶೇಂಗಾ, ಕೊತ್ತಂಬರಿ, ನಿಂಬೆರಸ ಸೇರಿಸಿ. ಕಲೆಸಿದ ಕೂಡಲೇ ತಿನ್ನಬೇಕು, ಹತ್ತು ನಿಮಿಷಕ್ಕೆ ಮೆತ್ತಗಾಗುತ್ತದೆ. ಉಪ್ಪು ಹಾಕಬೇಡಿ. ಉಬ್ಬಿಸುವ ಮುನ್ನ ಅಕ್ಕಿಗೆ ಉಪ್ಪುನೀರು ಹಿಡಿಸಿರುತ್ತಾರೆ. ಮಿರ್ಚಿ ಮನೆಯಲ್ಲೇ ಕರಿಯುವುದಾದರೆ ತಿಂಗಳಿಗೆ ಎರಡು ಸಲ ಇರಲಿ, ಉಳಿದ ಎಣ್ಣೆಯನ್ನು ಮತ್ತೆ ಕರಿಯಲು ಇಡಬೇಡಿ.

ಉಳಿದ ಸಂಜೆಗಳಿಗೆ ಉಸುಲಿ. 200 ಗ್ರಾಂ ಒಣ ಕಾಳು ನಾಲ್ವರಿಗೆ ಸಾಕು. ರಾತ್ರಿ ಮಲಗುವ ಮುಂಚೆ ನೆನೆಹಾಕಿ, ಬೆಳಿಗ್ಗೆ ತಿಂಡಿ ಮಾಡುವಾಗ ಪಕ್ಕದ ಒಲೆಯಲ್ಲಿ ಕುಕ್ಕರ್ ಕೂಗಿಸಿ. ಕಡಲೆಕಾಳಿಗೆ ನಾಲ್ಕೈದು ಕೂಗು, ಅಲಸಂದೆಗೆ ಎರಡು ಮೂರು, ಹುರುಳಿಗೆ ಐದಾರು, ಮೊಳಕೆ ಬಂದ ಹೆಸರುಕಾಳಿಗೆ ಒಂದೇ ಕೂಗು. ಆರಿದ ಮೇಲೆ ಮುಚ್ಚಳದ ಡಬ್ಬಿಯಲ್ಲಿ ಫ್ರಿಜ್ಜಿಗೆ ಸೇರಿಸಿದರೆ ಎರಡು ದಿನ ನಡೆಯುತ್ತದೆ. ಸಂಜೆ ಮೊದಲು ಮನೆಗೆ ಬಂದವರು, ಹೈಸ್ಕೂಲು ಓದುವ ಮಗನಾದರೂ ಸರಿ, ಎರಡು ಚಮಚ ಎಣ್ಣೆಯಲ್ಲಿ ಸಾಸಿವೆ, ಕರಿಬೇವು, ಹಸಿಮೆಣಸು ಸಿಡಿಸಿ ಕಾಳು ಹಾಕಿ ಕೈಯಾಡಿಸಿದರೆ ಐದು ನಿಮಿಷದ ಕೆಲಸ.

ಕಾಳು ಬೇಯಲಿಲ್ಲ ಎಂಬ ದೂರು ಈ ಭಾಗದಲ್ಲಿ ಹೆಚ್ಚು. ಬೋರ್‌ವೆಲ್ ನೀರು ಗಡಸಾಗಿದ್ದರೆ ಅದರ ಸುಣ್ಣದಂಶ ಕಾಳಿನ ಸಿಪ್ಪೆಯನ್ನು ಮೆತ್ತಗಾಗಲು ಬಿಡುವುದಿಲ್ಲ. ನೆನೆಹಾಕಲು, ಬೇಯಿಸಲು ಕುಡಿಯುವ ಫಿಲ್ಟರ್ ನೀರನ್ನೇ ಬಳಸಿ. ಹುಣಸೆ, ಟೊಮೆಟೊ, ನಿಂಬೆ ಏನಿದ್ದರೂ ಕಾಳು ಬೆಂದ ಮೇಲೆ. ಇಷ್ಟಾದರೂ ಗಟ್ಟಿ ಉಳಿದರೆ ಅಂಗಡಿಯ ದಾಸ್ತಾನು ಹಳೆಯದು, ಅಂಗಡಿ ಬದಲಿಸಿ.

ಮೊಳಕೆಗೆ ಬೇಸಿಗೆಯಲ್ಲಿ ವಿಶೇಷ ಎಚ್ಚರ ಬೇಕು. ಚಳಿಗಾಲದಲ್ಲಿ ಎಂಟು ಗಂಟೆ ನೆನೆಸಿ ಬಟ್ಟೆಯಲ್ಲಿ ಕಟ್ಟಿ ಒಂದು ದಿನ ಬಿಡಬಹುದು. ಏಪ್ರಿಲ್ ಸೆಕೆಯಲ್ಲಿ ಅದೇ ಲೆಕ್ಕ ಹಿಡಿದರೆ ಕಾಳು ಲೋಳೆಯಾಗಿ ವಾಸನೆ ಬರುತ್ತದೆ. ಆರು ಗಂಟೆ ನೆನೆಸಿ, ಎರಡು ಸಲ ತೊಳೆದು, ಕಟ್ಟಿದ ಗಂಟನ್ನು ನೆರಳಿನಲ್ಲಿ ಹನ್ನೆರಡು ಗಂಟೆ ಇಟ್ಟರೆ ಸಾಕು. ಲೋಳೆ ಕಂಡರೆ ತೊಳೆದು ಬಳಸಲು ಹೋಗಬೇಡಿ, ಚೆಲ್ಲಿ.

ವಾರಕ್ಕೆ ಎರಡು ದಿನ ಬೇಯಿಸಿದ ಅಥವಾ ಹುರಿದ ಶೇಂಗಾ, ಒಬ್ಬರಿಗೆ ಒಂದು ಹಿಡಿ. ಬೂಸ್ಟು ಹಿಡಿದ, ಕಪ್ಪಾದ, ಸುಕ್ಕುಗಟ್ಟಿದ, ಕಹಿಯಾದ ಬೀಜಗಳನ್ನು ಆರಿಸಿ ಎಸೆಯಬೇಕು. ಆ ಬೂಸ್ಟಿನ ವಿಷ ಯಕೃತ್ತನ್ನು ಕೆಡಿಸುತ್ತದೆ, ಹುರಿದರೂ ಪೂರ್ತಿ ಹೋಗುವುದಿಲ್ಲ.

ಮೂರನೇ ವಾರದಿಂದ: ಭಾನುವಾರದ ಒಂದೂವರೆ ಗಂಟೆ

ಸಂತೆಯಿಂದ ತಂದ ಸೊಪ್ಪು ಅಡುಗೆಮನೆಯ ಮೂಲೆಯಲ್ಲಿ ಬಾಡುವುದು ಬಿಡಿಸಲು ಪುರುಸೊತ್ತಿಲ್ಲದೆ. ಭಾನುವಾರ ಮನೆಮಂದಿಯೆಲ್ಲ ಕೂತು ಬಿಡಿಸಿ. ಮೆಂತ್ಯ, ದಂಟು, ಪಾಲಕ್, ಸಬ್ಬಸಿಗೆ ಯಾವುದಾದರೂ ಸರಿ, ಬೇರು ತೆಗೆದು ತೊಳೆಯದೆ ಹಳೆ ಹತ್ತಿ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಡಿ, ಮೂರು ನಾಲ್ಕು ದಿನ ತಡೆಯುತ್ತದೆ. ಒದ್ದೆ ಸೊಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಒಂದೇ ದಿನಕ್ಕೆ ಕೊಳೆಯುತ್ತದೆ. ಬೀನ್ಸ್, ಕ್ಯಾರೆಟ್, ಗೋರಿಕಾಯಿ ಮೂರು ದಿನಕ್ಕಾಗುವಷ್ಟು ಹೆಚ್ಚಿಡಿ. ಬದನೆ, ಬೆಂಡೆ ಮಾತ್ರ ಆಯಾ ದಿನವೇ ಹೆಚ್ಚಬೇಕು. ಶೇಂಗಾ ಚಟ್ನಿಪುಡಿ ಅಥವಾ ಗುರೆಳ್ಳು ಪುಡಿ ಒಂದು ಡಬ್ಬಿ ಕುಟ್ಟಿಟ್ಟರೆ ವಾರವಿಡೀ ರೊಟ್ಟಿಗೆ ಉಪ್ಪಿನಕಾಯಿ ನೆನಪಾಗುವುದಿಲ್ಲ.

ಇದು ಅಮ್ಮನೊಬ್ಬಳ ತಲೆಯ ಮೇಲೆ ಬೀಳಬಾರದು. ಆಫೀಸು, ಅಂಗಡಿ ಮುಗಿಸಿ ಬಂದವಳಿಗೆ ‘ಆರೋಗ್ಯದ ಅಡುಗೆ’ ಎಂಬ ಹೊಸ ಕೆಲಸ ಹೊರಿಸಿದ ಮನೆಯಲ್ಲಿ ಯಾವ ಬದಲಾವಣೆಯೂ ನಿಲ್ಲುವುದಿಲ್ಲ, ನಿಲ್ಲಲೂಬಾರದು. ಕಾಳು ನೆನೆಹಾಕುವುದು ಅಪ್ಪನ ಪಾಲು, ಸೊಪ್ಪು ಬಿಡಿಸುವುದು ಅಜ್ಜಿ ಮೊಮ್ಮಕ್ಕಳದು ಎಂದು ಹೆಸರು ಹಿಡಿದು ಹಂಚಿ.

ಬೆಳಗಿನ ತಿಂಡಿ

ಉಪ್ಪಿಟ್ಟು, ಅವಲಕ್ಕಿ, ಮಂಡಕ್ಕಿ ಒಗ್ಗರಣೆ, ಚಿತ್ರಾನ್ನ ಇದ್ದಂತೆಯೇ ಇರಲಿ. ಒಂದು ಲೋಟ ರವೆಗೆ ಒಂದು ಲೋಟ ತರಕಾರಿ ಎಂಬ ನಿಯಮ ಇಟ್ಟುಕೊಂಡರೆ ಸಾಕು. ಮೊದಮೊದಲು ಅರ್ಧ ಲೋಟದಿಂದ ಆರಂಭಿಸಿ.

ದೋಸೆ ಹಿಟ್ಟಿಗೆ ಮೂರು ಲೋಟ ಅಕ್ಕಿಯ ಬದಲು ಎರಡು ಲೋಟ ಅಕ್ಕಿ, ಒಂದು ಲೋಟ ನವಣೆ, ಜೊತೆಗೆ ಒಂದು ಲೋಟ ಉದ್ದಿನಬೇಳೆ, ಒಂದು ಚಮಚ ಮೆಂತ್ಯ. ಐದಾರು ಗಂಟೆ ನೆನೆಸಿ ರುಬ್ಬಿ. ಯಾರೂ ವ್ಯತ್ಯಾಸ ಕೇಳದಿದ್ದರೆ ಮುಂದಿನ ಸಲ ಒಂದೂವರೆ, ಒಂದೂವರೆ ಮಾಡಿ. ಬೆಣ್ಣೆ ದೋಸೆಯನ್ನು ತಿಂಗಳಿಗೊಂದೆರಡು ಭಾನುವಾರ ಹೋಟೆಲಿನಲ್ಲೇ ಬಿಸಿಬಿಸಿ ತಿನ್ನಿ. ಅದನ್ನು ಮನೆಯ ನಿತ್ಯದ ತಿಂಡಿ ಮಾಡಿಕೊಳ್ಳುವುದಷ್ಟೇ ಬೇಡ.

ಚಹಾದ ಸಕ್ಕರೆಯನ್ನು ಹದಿನೈದು ದಿನಕ್ಕೆ ಅರ್ಧ ಚಮಚ ಇಳಿಸಿ. ಎರಡೆರಡು ಚಮಚದ ಮೂರು ಲೋಟಕ್ಕೆ ದಿನಕ್ಕೆ 25 ರಿಂದ 30 ಗ್ರಾಂ ಸಕ್ಕರೆ ಹೋಗುತ್ತದೆ. ಬೆಲ್ಲಕ್ಕೂ ಇದೇ ಲೆಕ್ಕ. ಊಟಕ್ಕೆ ಒಂದು ಗಂಟೆ ಮುಂಚೆ, ಒಂದು ಗಂಟೆ ಆಮೇಲೆ ಚಹಾ ಬೇಡ, ಸೊಪ್ಪು ಕಾಳಿನ ಕಬ್ಬಿಣದಂಶ ಮೈಗೆ ಹತ್ತಲು ಚಹಾದ ಒಗರು ಬಿಡುವುದಿಲ್ಲ. ರಕ್ತ ಕಡಿಮೆ ಇರುವ ಹೆಣ್ಣುಮಕ್ಕಳಿಗೆ ಇದು ತುಂಬ ಮುಖ್ಯ.

ಊಟದ ತಟ್ಟೆ

ಅನ್ನ ಕಡಿಮೆ ಮಾಡಿ ಎಂದು ಯಾರಿಗೂ ಹೇಳಬೇಡಿ. ಬಡಿಸುವ ಕ್ರಮ ಬದಲಿಸಿ. ಮೊದಲು ಪಲ್ಯ, ಕೋಸಂಬರಿ ಬಡಿಸಿ, ಆಮೇಲೆ ಮುದ್ದೆ ಅಥವಾ ರೊಟ್ಟಿ, ಕೊನೆಗೆ ಅನ್ನ, ಮಜ್ಜಿಗೆ. ಅರ್ಧ ತಟ್ಟೆ ತರಕಾರಿ ಆದಾಗ ಅನ್ನ ತಾನಾಗಿ ತಗ್ಗುತ್ತದೆ. ತಿಳಿಸಾರಿನ ದಿನಗಳನ್ನು ಕಡಿಮೆ ಮಾಡಿ ಮಸ್ಸೊಪ್ಪು, ಹುರುಳಿ ಸಾರು, ಅವರೆಕಾಳು ಸಾರು ಹೆಚ್ಚಿಸಿ. ನಾಲ್ವರಿಗೆ ಒಂದು ಹೊತ್ತಿಗೆ ಬೇಳೆ ಅಥವಾ ಕಾಳು ಒಣತೂಕದಲ್ಲಿ 150 ಗ್ರಾಂ ಬಿದ್ದರೆ ಸಾರು ಗಟ್ಟಿಯಾಗಿರುತ್ತದೆ.

ರಾಗಿಯಲ್ಲಿ 100 ಗ್ರಾಂಗೆ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಹೆಸರಿಗೆ ಮಾತ್ರ. ಮುದ್ದೆ ಮರೆತ ಮನೆಯವರು ವಾರಕ್ಕೆ ಎರಡು ದಿನ ಮಾಡಿದರೂ ಒಳ್ಳೆಯದೇ. ಎರಡು ಲೋಟ ನೀರಿಗೆ ಒಂದು ಚಮಚ ಹಿಟ್ಟು ಕದಡಿ ಕುದಿಸಿ. ಕುದಿ ಬಂದಾಗ ಒಂದು ಲೋಟ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕೋಲಿನಿಂದ ತೂತು ಮಾಡಿ, ಸಣ್ಣ ಉರಿಯಲ್ಲಿ ಐದಾರು ನಿಮಿಷ ಮುಟ್ಟದೆ ಬಿಡಿ. ಅವಸರಕ್ಕೆ ಬೇಗ ತಿರುವಿದರೆ ಗಂಟಾಗುತ್ತದೆ, ಒಳಗೆ ಹಸಿಹಿಟ್ಟಿನ ರುಚಿ ಉಳಿಯುತ್ತದೆ. ಮಕ್ಕಳು ಮುದ್ದೆ ಬೇಡ ಎನ್ನುವುದು ಬಹುಪಾಲು ಈ ಹಸಿರುಚಿಗೇ.

ಸಾಮೆ, ನವಣೆ ಅನ್ನಕ್ಕೆ ಅರ್ಧ ಗಂಟೆ ನೆನೆಸಿ, ಒಂದಕ್ಕೆ ಎರಡೂವರೆ ಲೋಟ ನೀರಿಡಿ. ಬೆಳ್ಳಗೆ ಹೊಳೆಯುವಂತೆ ಪಾಲಿಶ್ ಮಾಡಿದ್ದರಲ್ಲಿ ನಾರು ಹೋಗಿರುತ್ತದೆ, ಮಾಸಲು ಬಣ್ಣದ್ದನ್ನು ಕೇಳಿ ಕೊಳ್ಳಿ. ಸಜ್ಜೆ ಹಿಟ್ಟು ಬೇಗ ಕಹಿಯಾಗುತ್ತದೆ. ಗಿರಣಿಗೆ ಒಂದು ಸಲಕ್ಕೆ ಎರಡು ಕೆ.ಜಿ.ಗಿಂತ ಹೆಚ್ಚು ಕೊಡಬೇಡಿ.

ಎಲ್ಲಿ ಎಡವುತ್ತದೆ

ಮಗು ಹಾಗಲಕಾಯಿ ತಟ್ಟೆಯಿಂದ ಆಚೆ ಇಟ್ಟರೆ ಗದರಬೇಡಿ, ‘ತಿಂದರೆ ಚಾಕೊಲೇಟ್’ ಎಂದು ಆಸೆಯನ್ನೂ ತೋರಿಸಬೇಡಿ. ಹೊಸ ರುಚಿ ನಾಲಗೆಗೆ ಹಿಡಿಸಲು ಎಂಟು ಹತ್ತು ಸಲವಾದರೂ ಬೇಕಾಗುತ್ತದೆ. ಒಂದು ಚಮಚದಷ್ಟು ಬಡಿಸುತ್ತಿರಿ, ದೊಡ್ಡವರು ಅದೇ ತಟ್ಟೆಯಲ್ಲಿ ತಿನ್ನುತ್ತಿರಿ.

ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವ ಹಿರಿಯರ ಅನ್ನ, ಮುದ್ದೆಯನ್ನು ಒಮ್ಮೆಲೇ ತಗ್ಗಿಸಿದರೆ ಸಕ್ಕರೆ ಅಂಶ ಅಪಾಯಕ್ಕೆ ಇಳಿಯಬಹುದು. ವೈದ್ಯರನ್ನು ಕೇಳಿ ಔಷಧಿ ಸರಿಹೊಂದಿಸಿಕೊಂಡೇ ಬದಲಿಸಿ. ಮೂತ್ರಪಿಂಡದ ತೊಂದರೆ ಇರುವವರಿಗೆ ಕಾಳು, ಸೊಪ್ಪಿನ ಈ ಅಳತೆ ಹೊಂದುವುದಿಲ್ಲ. ‘ಕಡಿಮೆ ಸೋಡಿಯಂ’ ಎಂದು ಮಾರುವ ಉಪ್ಪನ್ನೂ ಅವರು ಕೇಳದೆ ಬಳಸಬಾರದು.

ಯುಗಾದಿ, ಜಾತ್ರೆ, ಮದುವೆ ಸಾಲಿನಲ್ಲಿ ಲೆಕ್ಕ ತಪ್ಪುತ್ತದೆ. ಹೋಳಿಗೆಯನ್ನು ಹೋಳಿಗೆಯಂತೆಯೇ ತುಪ್ಪ ಹಾಕಿ ತಿನ್ನಿ. ಹಬ್ಬ ಮುಗಿದ ಮೇಲೆ ಅಳತೆಯ ಮೊದಲ ವಾರಕ್ಕೆ ಹಿಂದಿರುಗಬೇಕಿಲ್ಲ, ಕೊನೆಗೆ ರೂಢಿಯಾಗಿದ್ದ ಹೆಜ್ಜೆಯಿಂದ ಮುಂದುವರಿಸಿ. ಆ ರಾತ್ರಿ ಮಾಡಬೇಕಾದ್ದು ಇಷ್ಟೇ: ಮಲಗುವ ಮುಂಚೆ ಒಂದು ಲೋಟ ಕಾಳು ನೆನೆಹಾಕುವುದು.