ಕೋಳಿ ಅಂಗಡಿಯ ಥೈಮಸ್‌ನಲ್ಲಿ ಟಿ ಕೋಶಗಳ ಸಾವು: ನನ್ನ ಅನುಭವ

ಥೈಮಸ್ ಗ್ರಂಥಿಯಲ್ಲಿ ಬೆಳೆಯುವ ರೋಗನಿರೋಧಕ ಬಿಳಿ ರಕ್ತಕಣವಾದ ಟಿ ಕೋಶ ಸಾಯಬೇಕಾದರೂ ಅದರ ಜೀನ್‌ಗಳು ದುಡಿಯಲೇಬೇಕು ಎಂಬುದನ್ನು ಪ್ರಯೋಗದ ಪ್ರಾಣಿಗಳನ್ನು ಸಾಕುವ ಅನಿಮಲ್ ಹೌಸ್ ಆಗಲಿ ಕೋಶಗಳನ್ನು ಒಂದೊಂದಾಗಿ ಅಳೆಯುವ ಫ್ಲೋ ಸೈಟೋಮೀಟರ್ ಆಗಲಿ ಇಲ್ಲದ ಶಿವಮೊಗ್ಗದ ಕಾಲೇಜು ಪ್ರಯೋಗಾಲಯದಲ್ಲಿ ತೋರಿಸುತ್ತೇನೆಂದಾಗ ವಿಭಾಗದ ಹಿರಿಯರೊಬ್ಬರು ನಕ್ಕಿದ್ದರು. ವಿಜ್ಞಾನಿ ವೈಲಿ 1980ರಲ್ಲಿ ಇಲಿಯ ಥೈಮಸ್ ಕೋಶಗಳಲ್ಲಿ ತೋರಿಸಿದ ಡಿಎನ್‌ಎ ಲ್ಯಾಡರ್ (ಸಾಯುವ ಕೋಶದ ಡಿಎನ್‌ಎ ಸಮ ಅಂತರದಲ್ಲಿ ತುಂಡಾಗಿ ಏಣಿಯಂತೆ ಕಾಣುವ ಪಟ್ಟೆಗಳು) ಈಗ ನನಗೆ ಬ್ರಾಯ್ಲರ್ ಕೋಳಿಯಿಂದ ದೊರೆಯುತ್ತಿದೆ; ಅದೇ ಹಿರಿಯರು ತಮ್ಮ ವಿದ್ಯಾರ್ಥಿಗಳನ್ನು ನನ್ನ ಬಳಿ ಕಳುಹಿಸುತ್ತಿದ್ದಾರೆ.

ಮೊದಲ ವರ್ಷವೆಲ್ಲ ಡಿಎನ್‌ಎ ತುಂಡುಗಳನ್ನು ಉದ್ದದ ಪ್ರಕಾರ ಬೇರ್ಪಡಿಸುವ ಜೆಲ್ ಮೇಲೆ ಬಂದದ್ದು ಬರೀ ಸ್ಮಿಯರ್, ಪಟ್ಟೆಗಳಿಲ್ಲದ ಕಲೆ. ಪುಕ್ಕ ತೆಗೆಯಲು ಅಂಗಡಿಯವರು ಕೋಳಿಯನ್ನು ಬಿಸಿನೀರಿಗೆ ಅದ್ದುತ್ತಾರೆ, ಕತ್ತಿನ ಚರ್ಮದಡಿಯಲ್ಲೇ ಸಾಲಾಗಿರುವ ಥೈಮಸ್ ಹಾಲೆಗಳು ಅಷ್ಟರಲ್ಲೇ ಬೆಂದಿರುತ್ತವೆ. ಅದ್ದುವ ಮೊದಲೇ ಕತ್ತಿನ ಭಾಗವನ್ನು ಐಸ್ ಡಬ್ಬಿಗೆ ಹಾಕಿಕೊಡಲು ಅಂಗಡಿಯವರನ್ನು ಒಪ್ಪಿಸಿದ ಮೇಲೆ ಅರ್ಧ ತೊಂದರೆ ನೀಗಿತು. ಉಳಿದರ್ಧ ಮಳೆಗಾಲದ ಕರೆಂಟಿನದು: ಇನ್‌ಕ್ಯುಬೇಟರ್ ತಣ್ಣಗಾದ ದಿನದ ಜೆಲ್ಲಿಗೆ ಅರ್ಥವೇ ಇರಲಿಲ್ಲ, ಯುಪಿಎಸ್ ಬ್ಯಾಟರಿಗೆ ಕೈಯಿಂದಲೇ ಹದಿನೈದು ಸಾವಿರದಷ್ಟು ಹೋಯಿತು. ಕೋಳಿಯ ಮೈಬಿಸಿ ಸುಮಾರು 41 ಡಿಗ್ರಿಯಾದ್ದರಿಂದ 37ರ ಅಭ್ಯಾಸವನ್ನು ಬಿಟ್ಟು 40ಕ್ಕೆ ಏರಿಸಿದೆ.

ಟಿ ಕೋಶಗಳನ್ನು ಸಾಯಿಸಲು ಬಳಸಿದ ಸ್ಟೀರಾಯ್ಡ್ ಡೆಕ್ಸಾಮೆಥಸೋನ್ ಔಷಧದಂಗಡಿಯ ಇಂಜೆಕ್ಷನ್ನೇ, ಹತ್ತಿಪ್ಪತ್ತು ರೂಪಾಯಿಯದು. ಅದರಲ್ಲಿನ ಸಂರಕ್ಷಕವೇ ಕೋಶಗಳನ್ನು ಕೊಂದಿರಬಹುದೆಂಬ ಆಕ್ಷೇಪ ಬರುವುದು ಖಚಿತವಿದ್ದುದರಿಂದ ಶುದ್ಧ ಪುಡಿಯಲ್ಲೂ ನಡೆಸಿದೆ, ವ್ಯತ್ಯಾಸ ಕಾಣಲಿಲ್ಲ. ಒಂದು ಮೈಕ್ರೋಮೋಲಾರ್ ಸಾಕು, ಆರೇಳು ಗಂಟೆಗಳಲ್ಲಿ ಸುಮಾರು 180 ಬೇಸ್ ಜೋಡಿಗಳ ಅಂತರದ ಬ್ಯಾಂಡುಗಳು ಸ್ಪಷ್ಟವಾಗುತ್ತವೆ. ಸೈಕ್ಲೊಹೆಕ್ಸಿಮೈಡ್‌ನ ಸಣ್ಣ ಸೀಸೆಗೆ ಕೆಲವು ಸಾವಿರ ಕೊಟ್ಟಾಗ ಹೊಟ್ಟೆ ಉರಿದದ್ದು ನಿಜ, ಆದರೆ ಹೊಸ ಪ್ರೋಟೀನ್ ತಯಾರಿಕೆಯನ್ನು ಅದು ತಡೆದ ಕೂಡಲೇ ಅದೇ ಡೆಕ್ಸಾಮೆಥಸೋನ್ ಇದ್ದೂ ಲ್ಯಾಡರ್ ಹೆಚ್ಚುಕಡಿಮೆ ಅಳಿಸಿಹೋಯಿತು. ಔಷಧವೇ ನೇರವಾಗಿ ಕೊಲ್ಲುತ್ತಿದ್ದರೆ ಹೀಗಾಗುತ್ತಿರಲಿಲ್ಲ; ಸಾಯಲು ಕೋಶದ ಜೀನ್‌ಗಳಿಂದ ಹೊಸ ಪ್ರೋಟೀನ್ ತಯಾರಾಗಲೇಬೇಕು. ಹತ್ತು ಹನ್ನೆರಡು ಗಂಟೆ ದಾಟಿಸಿದರೆ ಸೈಕ್ಲೊಹೆಕ್ಸಿಮೈಡ್ ಒಂದೇ ಕೋಶಗಳನ್ನು ಸಾಯಿಸತೊಡಗುತ್ತದೆ, ಆದ್ದರಿಂದ ಸಮಯ ಮೀರಿಸಬಾರದು. ಕೋಶ ಒಡೆಯುವ ಲೈಸಿಸ್ ಬಫರಿನ ಪ್ರಮಾಣವನ್ನೂ ಸೆಂಟ್ರಿಫ್ಯೂಜ್ ತಿರುಗಿಸುವ ವೇಗವನ್ನೂ ನಾನು ಹೇಗೆ ಬದಲಿಸಿಕೊಂಡಿದ್ದೇನೆಂಬುದನ್ನು ನನ್ನ ವಿದ್ಯಾರ್ಥಿನಿಯ ಪ್ರಬಂಧ ಮುಗಿಯುವವರೆಗೆ ಹೇಳಲಾರೆ.

ನಡುವೆ ಜಿಂಕ್ ಸಲ್ಫೇಟಿನ ಕಡೆಗೂ ಮನಸ್ಸು ಹರಿಯಿತು. ಅಡಿಕೆ ತೋಟಕ್ಕೆ ಹಾಕುವ ಚೀಲದ್ದಲ್ಲ, ಪ್ರಯೋಗಾಲಯದ ದರ್ಜೆಯದೇ. ಡಿಎನ್‌ಎ ಕತ್ತರಿಸುವ ಕಿಣ್ವವನ್ನು ಜಿಂಕ್ ತಡೆಯುವುದರಿಂದ ಲ್ಯಾಡರೇನೋ ಮಾಯವಾಯಿತು, ಆದರೆ ಟ್ರಿಪಾನ್ ನೀಲಿ ಬಣ್ಣವನ್ನು ಹೀರಿದ, ಅಂದರೆ ಸತ್ತ, ಕೋಶಗಳ ಸಂಖ್ಯೆ ಅಷ್ಟೇನೂ ಇಳಿಯಲಿಲ್ಲ. ಹಾಗಾಗಿ ಬರೀ ಜೆಲ್ ಚಿತ್ರ ಹಿಡಿದು ಕೋಶ ಬದುಕಿದೆ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಯಾವ ಜೀನ್ ಎಂಬ ಪ್ರಶ್ನೆಗೆ ಸೈಕ್ಲೊಹೆಕ್ಸಿಮೈಡ್ ಉತ್ತರಿಸದು. ಕೋಶವನ್ನು ಸಾವಿಗೆ ದೂಡುವ ಬಿಮ್ ಮತ್ತು ಪ್ಯೂಮಾ ಜೀನ್‌ಗಳೆರಡೂ ಇಲ್ಲದ ಇಲಿಗಳ ಥೈಮಸ್ ಕೋಶಗಳು ಡೆಕ್ಸಾಮೆಥಸೋನ್‌ಗೆ ಸುಲಭವಾಗಿ ಬಗ್ಗುವುದಿಲ್ಲವೆಂಬುದು ತಿಳಿದದ್ದೇ. ಕೋಳಿಯಲ್ಲಿ ನನಗೆ ಹೆಚ್ಚು ಕುತೂಹಲವಿರುವುದು ಬರ್ಸಾ ಎಂಬ ಹಕ್ಕಿಗಳ ಅಂಗದಲ್ಲಿ ಬೆಳೆಯುವ ಬಿ ಕೋಶಗಳ ಬಗ್ಗೆ: ಅವುಗಳನ್ನು ಬರ್ಸಾದಿಂದ ಬಿಡಿಸಿದರೆ ಸಾಕು, ಯಾವ ಔಷಧವೂ ಇಲ್ಲದೆ ಕೆಲವೇ ಗಂಟೆಗಳಲ್ಲಿ ಸಾಯುತ್ತವೆ, ಕೋಶದ ಸಾವನ್ನು ನಿಯಂತ್ರಿಸುವ ಬಿಸಿಎಲ್-2 ಕುಟುಂಬದ ಎನ್‌ಆರ್-13 ಜೀನ್ ಅಲ್ಲಿ ಸಾವನ್ನು ತಡೆಯುತ್ತದೆ. ಆ ಜೀನನ್ನು ಪಿಸಿಆರ್‌ನಲ್ಲಿ ಹುಡುಕಲು ಬೇಕಾದ ಡಿಎನ್‌ಎಯ ಚಿಕ್ಕ ತುಣುಕುಗಳಾದ ಪ್ರೈಮರ್‌ಗಳು ಬಂದಿವೆ. ಪಿಸಿಆರ್ ಯಂತ್ರಕ್ಕೆ ಪಕ್ಕದ ವಿಭಾಗದವರು ರಾತ್ರಿಯ ಸರದಿ ಕೊಟ್ಟಿದ್ದಾರೆ.