ಆಯಾ ಬರದ ದಿನಕ್ಕೆ ಆಫೀಸಿನಿಂದ ಏನು ಸಿಗುತ್ತೆ?

‘ಇವತ್ತು ಬರಕ್ಕಾಗಲ್ಲ ಮೇಡಂ’ ಎಂದು ಆಯಾ ಬೆಳಿಗ್ಗೆ ಎಂಟಕ್ಕೆ ಫೋನ್ ಮಾಡಿದ ಮೇಲೆ ಎಚ್‌ಆರ್ ನಂಬರ್ ಹುಡುಕಿ ಪ್ರಯೋಜನವಿಲ್ಲ. ಮಗುವನ್ನೋ ಮನೆಯ ಹಿರಿಯರನ್ನೋ ನೋಡಿಕೊಳ್ಳಲು ಆಫೀಸಿನಿಂದ ಏನು ಸಿಗುತ್ತೆ ಎಂದು ಅವಸರವಿಲ್ಲದ ವಾರದಲ್ಲೇ ಕೇಳಿ ಮುಗಿಸಿಡಿ.

ಮೊದಲು ಕಾನೂನು ನೋಡೋಣ. 50 ಅಥವಾ ಅದಕ್ಕಿಂತ ಜಾಸ್ತಿ ನೌಕರರಿರುವ ಸಂಸ್ಥೆ ಶಿಶುಪಾಲನಾ ಕೇಂದ್ರದ ವ್ಯವಸ್ಥೆ ಮಾಡಬೇಕು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿಯಲ್ಲಿ ಬಂದ ಈ ನಿಯಮ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೆ. ತಾಯಿ ದಿನಕ್ಕೆ 4 ಸಲ ಮಗುವನ್ನು ನೋಡಿ ಬರಬಹುದು. ಗುತ್ತಿಗೆ, ದಿನಗೂಲಿ ನೌಕರರ ಮಕ್ಕಳನ್ನೂ ಸೇರಿಸಿಕೊಳ್ಳಿ ಎನ್ನುತ್ತದೆ ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ. ವಯಸ್ಸು 6 ತಿಂಗಳಿಂದ 6 ವರ್ಷ. ‘ನಾನು ಕಾಂಟ್ರಾಕ್ಟ್, ನನಗೆಲ್ಲಿ ಕೊಡ್ತಾರೆ’ ಎಂದು ಸುಮ್ನೆ ಕೂರಬೇಡಿ.

ಆಮೇಲೆ ಎಚ್‌ಆರ್‌ಗೆ ಮೇಲ್ ಹಾಕಿ. ಬಾಯಿಮಾತಿನ ಭರವಸೆ ಮ್ಯಾನೇಜರ್ ಬದಲಾದರೆ ಹೋಯಿತು. ಮಗುವನ್ನು ತಿಂಗಳ ಲೆಕ್ಕಕ್ಕೆ ಮಾತ್ರ ಬಿಡಬಹುದೋ, ಒಂದೇ ದಿನಕ್ಕೂ ಬಿಡಬಹುದೋ? ಇದೇ ಮುಖ್ಯ ಪ್ರಶ್ನೆ. ಹೊರಗಿನ ಡೇ ಕೇರ್ ಜತೆ ಕಂಪನಿಗೆ ಒಪ್ಪಂದವಿದ್ದರೆ ಹಣ ಯಾರದ್ದು, ವರ್ಷಕ್ಕೆ ಎಷ್ಟು ದಿನ, ಎಷ್ಟು ಹೊತ್ತು ಮೊದಲು ಹೇಳಬೇಕು ಎಂಬುದನ್ನೂ ಕೇಳಿ. ಅಪ್ಪನ ಹೆಸರಲ್ಲೂ ಸಿಗುತ್ತಾ? ಕಾನೂನಿನ ಆ 4 ಭೇಟಿಗಳು ಅಮ್ಮನಿಗೆ ಮಾತ್ರ. ಮಗು ಇಬ್ಬರದ್ದೂ ಅಲ್ವಾ?

ಸೌಲಭ್ಯ ಇದೆ ಎಂದಾದರೆ ಆಗಲೇ ಹೆಸರು ನೋಂದಾಯಿಸಿ. ಲಸಿಕೆ ಕಾರ್ಡ್, ಫೋಟೊ, ಮಗುವನ್ನು ಕರೆದೊಯ್ಯುವವರ ಹೆಸರು ಕೊಟ್ಟಿಡಿ. ಒಮ್ಮೆ ಅರ್ಧ ದಿನ ಬಿಟ್ಟು ನೋಡಿ. ಗುರುತಿಲ್ಲದ ಜಾಗಕ್ಕೆ ಗಡಿಬಿಡಿಯಲ್ಲಿ ಒಯ್ದರೆ ಮಗು ರಂಪ ಮಾಡದೆ ಇರುತ್ತದೆಯೇ?

ಹಿರಿಯರ ವಿಷಯ ಕಷ್ಟ. ಅವರಿಗಾಗಿ ಇಂಥ ಕೇಂದ್ರ ನಡೆಸಬೇಕೆಂದು ಖಾಸಗಿ ಕಂಪನಿಗೆ ಕಡ್ಡಾಯವಿಲ್ಲ. ಕಂಪನಿಯ ಗುಂಪು ಆರೋಗ್ಯ ವಿಮೆಯಲ್ಲಿ ಅಪ್ಪ-ಅಮ್ಮ ಇದ್ದಾರೆಯೇ, ಅತ್ತೆ-ಮಾವನನ್ನೂ ಸೇರಿಸಬಹುದೇ, ಹೋಂ ನರ್ಸ್ ಖರ್ಚು ಸಿಗುತ್ತದೆಯೇ ಎಂದು ಬಿಡಿಬಿಡಿಯಾಗಿ ಕೇಳಿ. ಆಸ್ಪತ್ರೆ ಬಿಲ್ ಕೊಡುವ ವಿಮೆ ಮನೆಯಲ್ಲಿ ನೋಡಿಕೊಳ್ಳುವವರ ಸಂಬಳ ಕೊಡುತ್ತದೆ ಎಂದುಕೊಳ್ಳಬೇಡಿ. ಮಾತ್ರೆಗಳ ಹೊತ್ತು, ಡಾಕ್ಟರ್ ನಂಬರ್ ಒಂದು ಹಾಳೆಯಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ. ಹೊಸಬರು ಬಂದರೂ ಪ್ರತಿ ಗಂಟೆಗೆ ನಿಮಗೆ ಫೋನ್ ಬರುವುದಿಲ್ಲ.

ಏನೂ ಹೊಂದದಿದ್ದರೆ ರಜೆಯೇ ಗತಿ. ಇಡೀ ದಿನ ಬೇಕಿಲ್ಲದಿದ್ದರೆ ಅರ್ಧ ದಿನದ ರಜೆ, ಇಲ್ಲವೇ ಮನೆಯಿಂದ ಕೆಲಸ ಕೇಳಿ. ಸರ್ಕಾರಿ ನೌಕರರ ಲೆಕ್ಕ ಬೇರೆ. ರಾಜ್ಯದ ಮಹಿಳಾ ನೌಕರರಿಗೆ ಒಟ್ಟು ಸೇವೆಯಲ್ಲಿ 180 ದಿನ, ಕೇಂದ್ರದವರಿಗೆ 730 ದಿನ ಮಕ್ಕಳ ಆರೈಕೆ ರಜೆ ಇದೆ. ಕೇಂದ್ರ ನೌಕರರು ವರ್ಷದ 30 ದಿನಗಳ ಗಳಿಕೆ ರಜೆಯನ್ನು ವಯಸ್ಸಾದ ತಂದೆ-ತಾಯಿಯ ಆರೈಕೆಗೂ ಬಳಸಬಹುದು.