ಡಂಪ್ ತೆಗೆಯದೆ ಪಾರ್ಟ್‌ಮ್ಯಾನ್ 5ಕ್ಕೆ: ನನ್ನ ಅನುಭವ

ಪಿಜಿ ಪಾರ್ಟ್‌ಮ್ಯಾನ್ ಎಂದರೆ ಪೋಸ್ಟ್‌ಗ್ರೆಸ್ ಡೇಟಾಬೇಸಿನ ದೊಡ್ಡ ಕೋಷ್ಟಕವನ್ನು ಪಾರ್ಟಿಷನ್ ಎಂಬ ತುಂಡುಗಳಾಗಿ ಹೋಳು ಮಾಡಿ ನೋಡಿಕೊಳ್ಳುವ ಉಪಕರಣ. ಅದನ್ನು ಹೊಸ ಆವೃತ್ತಿಗೆ ಏರಿಸೋಣವೆಂದರೆ ‘ಓಡುತ್ತಿರುವುದನ್ನು ಮುಟ್ಟಬೇಡ’ ಎಂದು ತಂಡದ ಹಿರಿಯರು ತಡೆಯುತ್ತಲೇ ಬಂದಿದ್ದರು. ಮುಟ್ಟಲೇಬೇಕಾದರೆ ಡಂಪ್ (ಇಡೀ ಡೇಟಾಬೇಸಿನ ನಕಲು) ತೆಗೆದು ಹೊಸ ಸರ್ವರಿಗೆ ತುಂಬಬೇಕಂತೆ. ಅದಕ್ಕೆ ಇಮ್ಮಡಿ ಡಿಸ್ಕ್, ತಿಂಗಳಿಗೆ ಹೆಚ್ಚುಕಡಿಮೆ ನಲವತ್ತು ಸಾವಿರ ರೂಪಾಯಿ. ನಾನು ಇದ್ದಲ್ಲೇ ಪಿಜಿ ಪಾರ್ಟ್‌ಮ್ಯಾನ್ ಅನ್ನು 4.7ರಿಂದ 5ಕ್ಕೆ ಏರಿಸಿದೆ. ಲಾರಿಗಳ ಜಿಪಿಎಸ್ ದಾಖಲೆ, ವಾರಕ್ಕೊಂದು ಪಾರ್ಟಿಷನ್, ಒಟ್ಟು ನೂರೆಂಬತ್ತು ಚಿಲ್ಲರೆ. ಸೇವೆ ನಿಂತದ್ದು ಆರೋ ಏಳೋ ನಿಮಿಷ.

5ಕ್ಕೆ ಬೇಕಾದ ಪೋಸ್ಟ್‌ಗ್ರೆಸ್ 14 ಮೊದಲೇ ಇತ್ತು, 5 ಕೈಬಿಟ್ಟ ಟ್ರಿಗರ್ ಕಾಲದ (ಹಳೆಯ ವಿಧಾನದಲ್ಲಿ ಹೋಳು ಮಾಡಿದ) ಕೋಷ್ಟಕಗಳು ಇರಲಿಲ್ಲ. ಉಳಿದದ್ದು ಹೆಸರಿನ ತಲೆನೋವು. ವಾರದ ಸಂಖ್ಯೆಯಿರುವ ಹಳೆಯ ಹೆಸರು 5ಕ್ಕೆ ಆಗದು; 2023ಡಬ್ಲ್ಯೂ35 ಎಂದಿದ್ದದ್ದು 20230828 (ಆ ವಾರ ಶುರುವಾಗುವ ಸೋಮವಾರದ ತಾರೀಖು) ಆಗಬೇಕು. ಜಾಣತನ ತೋರಿಸಲು ಹೋಗಿ ಜನವರಿ 1ರಿಂದ ಏಳೇಳು ದಿನ ಎಣಿಸುವ ಸ್ಕ್ರಿಪ್ಟ್ ಬರೆದೆ. ಡೇಟಾಬೇಸಿನ ನಕಲಿನ ಮೇಲೆ ಓಡಿಸಿದರೆ ಬಂದದ್ದು ಆಗಸ್ಟ್ 27, ಭಾನುವಾರ! 2020ರ 53ನೇ ವಾರವಂತೂ ಡಿಸೆಂಬರ್ 28ನ್ನು ಬಿಟ್ಟು 30ಕ್ಕೆ ಹೋಗಿ ಕುಳಿತಿತ್ತು. ಹೆಸರನ್ನು ನಂಬದೆ, ಪ್ರತಿ ಪಾರ್ಟಿಷನ್ನಿನ ಕೆಳ ಎಲ್ಲೆಯನ್ನು (ಶುರುವಾಗುವ ತಾರೀಖನ್ನು) ಪೋಸ್ಟ್‌ಗ್ರೆಸ್ ತಾನೇ ಇಟ್ಟುಕೊಳ್ಳುವ ಪಟ್ಟಿಯಾದ ಕ್ಯಾಟಲಾಗಿನಿಂದಲೇ ಓದಿಸಿದ ಮೇಲೆ ಸರಿಹೋಯಿತು.

ಏರಿಸುವ ಮುನ್ನ, ಬೇರೆಲ್ಲೂ ಜಾಗವಿಲ್ಲದ ಸಾಲುಗಳು ಬೀಳುವ ಡೀಫಾಲ್ಟ್ ಪಾರ್ಟಿಷನ್ನಿಗೆ ಇಣುಕಿದರೆ ಎದೆ ಧಸಕ್ಕೆಂದಿತು: ಎರಡು ಕೋಟಿ ಸಾಲು. ಗಡಿಯಾರ ಕೆಟ್ಟ ಕೆಲವು ಸಾಧನಗಳು ಎರಡು ತಿಂಗಳು ಮುಂದಿನ ತಾರೀಖು ಕಳಿಸಿದ್ದವು. ಆ ವಾರದ ಪಾರ್ಟಿಷನ್ ಮಾಡುವ ಹೊತ್ತಿಗೆ ಅದರ ಸಾಲುಗಳು ಆಗಲೇ ಡೀಫಾಲ್ಟಿನಲ್ಲಿ ಇದ್ದುದರಿಂದ ಪೋಸ್ಟ್‌ಗ್ರೆಸ್ ಒಪ್ಪಲಿಲ್ಲ, ನಿರ್ವಹಣೆ ನಿಂತಿತು, ಮುಂಗಡವಾಗಿ ಮಾಡಿಟ್ಟ ನಾಲ್ಕು ವಾರ ಮುಗಿದ ಮೇಲೆ ಬಂದದ್ದೆಲ್ಲ ಡೀಫಾಲ್ಟಿಗೆ ಸುರಿಯಿತು. ಲಾಗ್ ನೋಡಬೇಕಾದವನು ನಾನೇ, ನೋಡಿರಲಿಲ್ಲ. ಕಂತುಕಂತಾಗಿ ಸಾಗಿಸಲು ಎರಡು ರಾತ್ರಿ ಹಿಡಿಯಿತು. ಲಾಕ್ (ಸಾಗಿಸುವಾಗ ಕೋಷ್ಟಕದ ಮೇಲೆ ಬೇಕಾದ ಹಿಡಿತ) ಸಿಗದಾಗ ಏನು ಮಾಡಿದೆನೆಂದು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಹೊಟ್ಟೆಪಾಡು.

   

ಹಣದ ವಿಷಯದಲ್ಲಿ ನಾನೂ ಬೇಸ್ತು ಬಿದ್ದೆ. ಆರು ತಿಂಗಳಿಗಿಂತ ಹಳೆಯದು ಹೋಗಲಿ ಎಂದು ಪಾರ್ಟ್‌ಮ್ಯಾನ್‌ಗೆ ರಿಟೆನ್ಷನ್ (ಉಳಿಸಿಕೊಳ್ಳುವ ಅವಧಿ) ಹಾಕಿದ್ದೆ. ಒಂದು ತಿಂಗಳಾದರೂ ಡಿಸ್ಕ್ ಒಂದಿಂಚೂ ಖಾಲಿಯಾಗಲಿಲ್ಲ. ಬೇರೆ ಹೇಳದಿದ್ದರೆ ಪಾರ್ಟ್‌ಮ್ಯಾನ್ ಹಳೆಯ ಕೋಷ್ಟಕವನ್ನು ಬೇರ್ಪಡಿಸುತ್ತದೆ ಅಷ್ಟೇ, ಅಳಿಸುವುದಿಲ್ಲ. ಆ ಸೆಟ್ಟಿಂಗ್ ಬದಲಿಸಿ, ಮೊದಲೇ ಬೇರ್ಪಟ್ಟಿದ್ದವನ್ನು ಕೈಯಾರೆ ಅಳಿಸಿದಾಗ ಆರುನೂರು ಜಿಬಿಯಷ್ಟು ಜಾಗ ಸಿಕ್ಕಿತು. ಬಿಲ್ಲು ಇಳಿಯಲಿಲ್ಲ, ಏರುವುದು ನಿಂತಿತು.

ಕಳೆದ ವಾರ ಅದೇ ಹಿರಿಯರು ಸ್ಕ್ರಿಪ್ಟ್ ಕೇಳಿದರು. ಕೊಟ್ಟೆ, ಲಾಕಿನ ಭಾಗ ಕತ್ತರಿಸಿ.